ಕಪಾಟಿನೊಳಗಿಂದ ಪಾಡ್‌ಕಾಸ್ಟ್

ಕೆಲವರಿಗೆ ವರ್ಷಕ್ಕೆರಡು ಸಲ ನೆಗಡಿ ತಪ್ಪುವುದಿಲ್ಲ. ನನಗೆ ಹಾಗೆ ಮಾನ ಹೋಗುವುದು ತಪ್ಪುವುದಿಲ್ಲ. ಪುಣೆಯಲ್ಲಿ ಎರಡು ಸಾವಿರದ ಏಳರ ಸುಮಾರಿಗೆ ಮಾತ್ರ ಅದು ಒಂದೇ ವರ್ಷದಲ್ಲಿ ನಾಲ್ಕೈದು ಸಲ ಹೋಯಿತು. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕರಾರು

ಆಗ ನಾನು ಹಡಪಸರದ ಒಂದು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಗುಮಾಸ್ತ. ನಮ್ಮ ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಬೆಂಗಳೂರಿನವನೊಬ್ಬ ಬಂದಿದ್ದ. ಊಟದ ಹೊತ್ತಿನಲ್ಲಿ ಪಾಡ್‌ಕಾಸ್ಟ್ ಎಂಬುದರ ಬಗ್ಗೆ ಹೇಳಿದ. ಮನೆಯಲ್ಲೇ ಕೂತು ಮಾತಾಡಿ, ರೆಕಾರ್ಡ್ ಮಾಡಿ, ಇಂಟರ್ನೆಟ್ಟಿಗೆ ಹಾಕಿದರಾಯಿತಂತೆ, ಬೇಕಾದವರು ಬೇಕಾದಾಗ ಕೇಳುತ್ತಾರಂತೆ. "ರೇಡಿಯೋ ಕಥೆ ಮುಗೀತು ಸರ್. ನಿಮ್ಮ ವಾಯ್ಸ್‌ಗೆ ಇದೇ ಫ್ಯೂಚರ್" ಅಂದ. ನನ್ನ ದನಿಯನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ಅದೇ ಸಂಜೆ ರಾಜೀನಾಮೆ ಬರೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ.

ನನ್ನ ಹೆಂಡತಿ ಬಾಗಲಕೋಟೆ ಕಡೆಯವಳು. ಕೂಗಾಡಲಿಲ್ಲ, ಅಳಲಿಲ್ಲ, ಕರಾರು ಹಾಕಿದಳು. "ದೀಪಾವಳಿಯೊಳಗ ನೂರು ಮಂದಿ ನಿಮ್ಮ ಮಾತು ಕೇಳಿದ್ರ ನೌಕರಿ ಬಿಡ್ರಿ. ಅಲ್ಲಿತನಾ ಆ ಕಾಗದ ಕಿಸೆದಾಗ ಇರ್ಲಿ."

ಕಾಗದ ಕಿಸೆಯಲ್ಲೇ ಇತ್ತು. ಅವಳು ಅದನ್ನು ಅಂಗಿಯ ಜೊತೆಗೆ ಎರಡು ಸಲ ಒಗೆದು ಹಾಕಿದಳು, ಎರಡು ಸಲವೂ ನಾನು ಹೊಸದಾಗಿ ಬರೆದಿಟ್ಟುಕೊಂಡೆ. ಕಿಸೆ ನೋಡುವುದು ಮರೆತೆ ಅಂದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಮರೆತದ್ದು ಆ ಎರಡೇ ಸಲ.

ಕಪಾಟು

ಬಿಬವೇವಾಡಿಯಲ್ಲಿ ನಮ್ಮ ಮನೆಯ ಕೆಳಗೇ ಒಂದು ಮಿಕ್ಸರ್ ರಿಪೇರಿ ಅಂಗಡಿ. ರೆಕಾರ್ಡ್ ಮಾಡಿದ ಮೊದಲ ಕಂತಿನಲ್ಲಿ ನನ್ನ ದನಿಗಿಂತ ಚಟ್ನಿ ಅರೆಯುವ ಸದ್ದೇ ಸ್ಪಷ್ಟವಾಗಿತ್ತು. ಹುಡುಕಿ ಹುಡುಕಿ ಕೊನೆಗೆ ಮಲಗುವ ಕೋಣೆಯ ದೊಡ್ಡ ಕಪಾಟು ಸಿಕ್ಕಿತು. ಮೇಲೆ ಸೀರೆ, ಕೆಳಗೆ ಅತ್ತೆ ಹೊಲಿದುಕೊಟ್ಟ ಕೌದಿಗಳು. ಬಾಗಿಲು ಹಾಕಿಕೊಂಡು ಕೌದಿಯ ಮೇಲೆ ಕೂತರೆ ಜಗತ್ತೇ ನಿಶ್ಶಬ್ದ. ಡಾಂಬರು ಗುಳಿಗೆಯ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ಅದರಿಂದ ದನಿಗೆ ಒಂದು ಆರ್ದ್ರತೆ ಬಂದಿತ್ತು.

ಶ್ರಾವಣದ ಒಂದು ಮಧ್ಯಾಹ್ನ ಹೆಂಡತಿ ನಾನು ಹೊರಗೆ ಹೋಗಿದ್ದೇನೆಂದು ತಿಳಿದು ನಾಲ್ಕು ಜನ ಮುತ್ತೈದೆಯರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಅವರಿಗೆ ಕೊಡುವ ರವಿಕೆ ಖಣ ಇದ್ದದ್ದು ಅದೇ ಕಪಾಟಿನಲ್ಲಿ. ಬಾಗಿಲು ತೆರೆದಾಗ ನಾನು ಬನಿಯನ್ನಿನಲ್ಲಿ, ಮೈಕು ಹಿಡಿದು, "ಈ ಮಾಧ್ಯಮಕ್ಕೆ ಉಜ್ವಲ ಭವಿಷ್ಯವಿದೆ" ಎನ್ನುತ್ತಿದ್ದೆ.

ಹೆಂಡತಿ ನನ್ನ ಮುಖ ನೋಡಲಿಲ್ಲ. ನನ್ನ ಮೊಣಕಾಲ ಕೆಳಗಿಂದ ನಾಲ್ಕು ಖಣ ಎಳೆದುಕೊಂಡಳು. ಹಿಂದೆ ನಿಂತಿದ್ದ ಹಿರಿಯ ಹೆಂಗಸು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು: "ಯಜಮಾನ್ರನ್ನ ಇಲ್ಲೇ ಇಡ್ತೀರೇನ್ರಿ?"

ಹೆಂಡತಿ ಹೌದ್ರಿ ಅಂದು ಬಾಗಿಲು ಹಾಕಿದಳು. ಅವರು ಚಹಾ ಕುಡಿದು ಹೋಗುವವರೆಗೆ ನಾನು ಕೆಮ್ಮಲೂ ಇಲ್ಲ.

ಶಾಲು

ಆ ಹಿರಿಯ ಹೆಂಗಸಿನ ಗಂಡ ನಮ್ಮ ಕನ್ನಡ ಸಂಘದ ಅಧ್ಯಕ್ಷರು, ಸ್ಟೀಲ್ ಪಾತ್ರೆ ವ್ಯಾಪಾರಿ. ಕಪಾಟಿನ ಸುದ್ದಿ ಅವರ ಮನೆ ತಲುಪುವಷ್ಟರಲ್ಲಿ ನಾನು "ರೇಡಿಯೋದವರು" ಆಗಿಹೋಗಿದ್ದೆ. ಸಂಘದ ಸಭೆಗೆ ಕರೆಸಿ, ಹಾಗೆಂದೇ ಪರಿಚಯಿಸಿ, ಶಾಲು ಹೊದಿಸಿದರು. ನಾನು ರೇಡಿಯೋದವನಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಶಾಲು ಚೆನ್ನಾಗಿತ್ತು.

ಭಾಷಣದಲ್ಲಿ, ಇಂಟರ್ನೆಟ್ಟಿನ ಲೆಕ್ಕದ ಪ್ರಕಾರ ಮೂವತ್ತೊಂದು ಜನ ನನ್ನನ್ನು ಕೇಳುತ್ತಿದ್ದಾರೆ ಎಂದೆ. ಮುಂದಿನ ಸಾಲಿನ ಅಜ್ಜರೊಬ್ಬರು ಎದ್ದು, ಅದು ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದರು. ನೀವು ಬೇಕೆಂದಾಗ ಬರುತ್ತದೆ ಎಂದು ವಿವರಿಸಿದೆ. ಅಜ್ಜ "ಹಂಗಾದ್ರ ಅವಸರ ಏನಿಲ್ಲ ಬಿಡ್ರಿ" ಅಂದು ಕೂತುಬಿಟ್ಟರು. ಇಡೀ ಸಭೆ ಅವರ ಮಾತಿಗೆ ಒಪ್ಪಿ ತಲೆಯಾಡಿಸಿತು.

ಮರುದಿನ ಬೆಂಗಳೂರಿನವನು ಇನ್ನೊಂದು ಗುಟ್ಟು ಹೇಳಿದ. ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ನಾನೇ ಹಚ್ಚಿ ಕೇಳಿ ನೋಡಿದ್ದೂ ಲೆಕ್ಕಕ್ಕೆ ಬರುತ್ತದಂತೆ. ನಾನು ಮೂವತ್ತು ಸಲ ಹಚ್ಚಿ ನೋಡಿದ್ದೆ. ಉಳಿದ ಒಬ್ಬ ತಾನೇ ಎಂದ, ಅದೂ ಅರ್ಧ. ಶಾಲನ್ನು ಒಯ್ದು ಕಪಾಟಿನ ಬಾಗಿಲಿಗೆ ಒಳಗಿನಿಂದ ಮೊಳೆ ಹೊಡೆದು ಕೂರಿಸಿದೆ. ಸದ್ದು ಇನ್ನೂ ಕಡಿಮೆಯಾಯಿತು.

ಗೌಂಡಿ

ಜನರ ಬದುಕು ಹೇಳಿದರೆ ಕೇಳುಗರು ಬಂದಾರು ಎಂದು ಹಡಪಸರದಲ್ಲಿ ಕಟ್ಟುತ್ತಿದ್ದ ಒಂದು ಕಟ್ಟಡಕ್ಕೆ ಊಟದ ಹೊತ್ತಿಗೆ ಹೋದೆ. ಕೆಲಸದವರೆಲ್ಲ ಯಾದಗಿರಿ ಕಡೆಯವರು. ಮೈಕು ಕಂಡದ್ದೇ ಎಲ್ಲರೂ ರೊಟ್ಟಿ ಎತ್ತಿಕೊಂಡು ಬೆನ್ನು ತಿರುಗಿಸಿದರು. ಕಡೆಗೆ ಗಾರೆ ಕೆಲಸದ ಒಬ್ಬ ವಯಸ್ಸಾದ ಗೌಂಡಿ ಕೈತೊಳೆದು ಬಂದು ಕೂತ. ಏನು ಹೇಳಲಿ ಅಂದ. ಊರಿನವರಿಗೆ ಏನಾದರೂ ಹೇಳು ಅಂದೆ.

"ಯವ್ವಾ, ನಾ ಇಲ್ಲಿ ಆರಾಮ ಅದೀನಿ. ಮಣಕಾಲ್ ನೋವಿಗಿ ಎಣ್ಣಿ ಹಚ್ಕೋ. ದೀಪಾವಳಿಗಿ ಬರ್ತೀನಿ."

ಹೇಳಿ ಮುಗಿಸಿ, ಇದು ನಮ್ಮವ್ವನಿಗೆ ಕೇಳುತ್ತದೇನ್ರಿ ಎಂದು ಕೇಳಿದ. ಆ ಮುದುಕಿ ಕಂಪ್ಯೂಟರ್ ಕಂಡೇ ಇಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಕೇಳುತ್ತದೆ ಅಂದೆ. ಒಂದು ಒಳ್ಳೆಯ ಕಂತಿನ ಆಸೆಗೆ ಹಸಿಹಸಿ ಸುಳ್ಳು ಹೇಳಿದ್ದೆ. ಕಪಾಟು, ಶಾಲು ಎರಡನ್ನೂ ನಗುತ್ತಾ ಹೇಳಬಲ್ಲೆ, ಇದೊಂದನ್ನು ಆಗ ಹೆಂಡತಿಗೂ ಹೇಳಲಿಲ್ಲ.

ನೂರಿಪ್ಪತ್ತು ಮಂದಿ

ದೀಪಾವಳಿಗೆ ವಾರವಿರುವಾಗ ತಡೆಯಲಾಗದೆ ಮತ್ತೆ ಆ ಕಟ್ಟಡಕ್ಕೆ ಹೋದೆ. ಗೌಂಡಿಯನ್ನು ಕೆಳಗೆ ಕರೆಸಿ, ತಲೆ ತಗ್ಗಿಸಿ ತಪ್ಪೊಪ್ಪಿಕೊಂಡೆ. ನಿಮ್ಮವ್ವನಿಗೆ ಆ ಮಾತು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ ಅಂದೆ.

ಅವನು ಕರಣಿಗೆ ಹತ್ತಿದ್ದ ಸಿಮೆಂಟು ಒರೆಸುತ್ತಾ ನಿಂತಿದ್ದ. "ಅದು ಅವತ್ತೇ ಗೊತ್ತಿತ್ರಿ. ಸಂಜಿಕೇ ಬೂತಿಗಿ ಹೋಗಿ ಯವ್ವಗ ಫೋನ್ ಹಚ್ಚಿದ್ದೆ."

ಹಾಗಿದ್ದರೆ ನನ್ನ ಮುಂದೆ ಯಾಕೆ ಹೇಳಿದೆ ಎಂದು ಕೇಳಿದೆ.

"ನಿಮ್ ಸಂಗಾಟ ಯಾರೂ ಮಾತಾಡ್ಲಿಲ್ಲಲ್ರೀ. ಬಿಸಲಾಗ ಆ ಡಬ್ಬಿ ಹಿಡ್ಕೊಂಡು ನಿಂತಿದ್ರಿ. ಪಾಪ ಅನ್ನಿಸ್ತು."

ನೆಲ ಬಾಯ್ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಎಷ್ಟು ಮಂದಿ ಕೇಳುತ್ತಾರೆ ಎಂದು ಅವನೇ ಕೇಳಿದ. ನಿಜ ಹೇಳಲು ಬಂದವನಲ್ಲವೇ, ನಾನೊಬ್ಬನೇ ಅಂದೆ. ಅವನು ಮರುಕದಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಿಮ್ ದನಿ ಭಾಳ ಛಲೋ ಅದ್ರಿ. ಕೆಳಗಿಂದ ಐದನೇ ಮಾಳಗಿಗಿ ಕೇಳಂಗ ಇಟ್ಟಂಗಿ, ನೀರು ಅಂತ ಕೂಗಾಕ ನಮಗ ಒಬ್ರು ಬೇಕಾಗ್ಯಾರ. ಇಲ್ಲಿ ಕೇಳವ್ರು ನೂರಿಪ್ಪತ್ತು ಮಂದಿ ಅದಾರ. ಕೆಲಸ ಕೊಡೋ ಮುಕಾದಮಗ ನಾ ಹೇಳ್ತೀನಿ."

ಮನೆಗೆ ಬಂದು ಸುಳ್ಳಿನಿಂದ ಹಿಡಿದು ಈ ನೌಕರಿಯವರೆಗೆ ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ಚಕ್ಕುಲಿ ಒತ್ತುತ್ತಿದ್ದಳು. ಒತ್ತುವುದನ್ನು ನಿಲ್ಲಿಸದೆಯೇ ಹೇಳಿದಳು: "ಕರಾರ ಅಂದ್ರ ಕರಾರ್ರಿ. ನೂರರ ಮ್ಯಾಲ ಇಪ್ಪತ್ತು ಮಂದಿ ಸಿಕ್ಕಾರ. ನಾಳೆ ರಾಜೀನಾಮೆ ಕೊಟ್ಟು ಬರ್ರಿ."

ಮರುದಿನ ಬೆಳಿಗ್ಗೆ ಅಂಗಿಯನ್ನು ನಾನೇ ನೀರಿಗೆ ಹಾಕಿದೆ. ಕಿಸೆ ನೋಡುವುದು ಮರೆತೆ.