ನೆಗ್ಗು ನೋಡಿ ತೀರ್ಪು

ಗುದ್ದಿದವರು ಯಾವತ್ತೂ ಗುದ್ದಿರೋದಿಲ್ಲ. ಎದುರಿನ ಗಾಡಿಯೇ ಬಂದು ತಗಲಿರುತ್ತೆ. ಹಿರಿಯೂರಲ್ಲಿ ಗಾಡಿ ನೆಗ್ಗು ತೆಗೆಯೋ ಟಿಂಕರಿಂಗ್ ಕೆಲಸಕ್ಕೆ ಕೂತಾಗಿಂದ ಇದನ್ನೇ ಕೇಳ್ತಾ ಇದೀನಿ.

ಚಿತ್ರದುರ್ಗದ ಹೊರಗೆ ಒಂದು ಬಯಲಲ್ಲಿ ಹಳೇ ಕಾರುಗಳ ರೇಸು ನಡೆಸ್ತಾರೆ. ಎರಡು ಕಾರು ತಗಲಿದರೆ ತಪ್ಪು ಯಾರದು ಅಂತ ಹೇಳೋಕೆ ನನ್ನ ಕರೀತಾರೆ. ನಾನು ಓದಿದ್ದು ಮೂರನೇ ಕ್ಲಾಸು. ನೆಗ್ಗು ಓದೋಕೆ ಅಷ್ಟು ಸಾಕು. ಶಿಕ್ಷೆ ಒಂದೇ. ಗುದ್ದಿದವರು ಆವತ್ತೇ ಮನೆಗೆ. ಆಮೇಲೆ ಒಂದು ವರ್ಷ ರೇಸಿನ ಗಾಡಿ ಮುಟ್ಟಂಗಿಲ್ಲ.

೧

ಒಬ್ಬರು ವಕೀಲರು. "ನಾನು ನಿಂತಿದ್ದೆ. ಮುಂದಿನ ಕಾರೇ ಹಿಂದಕ್ಕೆ ಬಂದು ಗುದ್ದಿತು" ಅಂದರು.

ಬಗ್ಗಿ ನೋಡಿದೆ. ಅವರ ಗಾಡಿ ಹಿಂದೆ ಮಣ್ಣಲ್ಲಿ ಉದ್ದಕ್ಕೂ ಟೈರು ಎಳೆದ ಗುರುತು.

"ನಿಂತ ಗಾಡಿಗೆ ಇಷ್ಟುದ್ದ ಬ್ರೇಕ್ ಹಿಡಿದಿದ್ದು ಯಾಕೆ ಸ್ವಾಮಿ?"

ವಕೀಲರೂ ಬಗ್ಗಿ ಗುರುತು ನೋಡಿದರು.

"ನಿಲ್ಲೋಕೆ" ಅಂದರು.

೨

ಇಬ್ಬರು ಬೀಗರು. ಒಬ್ಬರು ಹೊಸದುರ್ಗ, ಒಬ್ಬರು ಹೊಳಲ್ಕೆರೆ. ಇವರ ಮಗಳನ್ನ ಅವರ ಮಗನಿಗೆ ಕೊಟ್ಟು ಇನ್ನೂ ಮೂರು ತಿಂಗಳು. ತಿರುವಲ್ಲಿ ತಗಲಿಸಿಕೊಂಡರು. ಇಳಿದವರೇ ಕೈ ಮುಗಿದರು.

"ತಪ್ಪು ನಂದೇ ಬೀಗರೇ."

"ಛೆ ಛೆ, ಹಂಗನ್ಬ್ಯಾಡ್ರಿ. ನಂದೇ."

"ಹೆಣ್ಣಿನ ಕಡೆಯೋರು ನಾವು. ನಂದೇ ಇರ್ಲಿ ಬಿಡ್ರಿ."

ಅರ್ಧ ಗಂಟೆ ಇದೇ ಆಯ್ತು. ನನಗೆ ನೆಗ್ಗು ನೋಡೋಕೆ ಬಿಡಲಿಲ್ಲ. ಕೊನೆಗೆ ಅಂದೆ, "ಆಯ್ತು, ಇಬ್ಬರೂ ಒಪ್ಪಿದೀರಿ. ಇಬ್ಬರೂ ಮನೆಗೆ ಹೋಗ್ರಿ. ಒಂದು ವರ್ಷ ಬರಬ್ಯಾಡ್ರಿ."

ಇಬ್ಬರೂ ಒಟ್ಟಿಗೆ ಬೆರಳು ತೋರಿಸಿದರು.

"ಗುದ್ದಿದ್ದು ಇವ್ರು ಕಣ್ರಿ!"

೩

ನನ್ನ ಅಂಬಾಸಿಡರ್ ಹಿಂಬದೀಲೂ ಒಂದು ನೆಗ್ಗು ಐತೆ. ತಾಳ್ಯದಲ್ಲಿ ನೆಂಟರ ಮನೆ ಮುಂದೆ ಆಗಿದ್ದು. ನಾನು ರಿವರ್ಸ್ ತಗೊಂಡೆ. ನಮ್ಮನೆಯೋಳು ಹಿಂದೆ ನಿಂತು "ಬರ್ರಿ, ಬರ್ರಿ" ಅಂದಳು. ಕಲ್ಲುಕಂಬಕ್ಕೆ ಢಬ್.

"ಸಾಕು ಅನ್ನೋಕೆ ಏನಾಗಿತ್ತು ನಿಂಗೆ?" ಅಂದೆ.

"ಸಾಕು ಅಂದೆ. ಕಿವಿ ಎಲ್ಲಿಟ್ಟಿದ್ರಿ?" ಅಂದಳು.

ಹದಿನೆಂಟು ವರ್ಷ ಇದೇ ಜಗಳ. ನಾನು ತಪ್ಪು ಒಪ್ಪೋ ತನಕ ನೆಗ್ಗು ತೆಗೆಯಂಗಿಲ್ಲ ಅಂತ ಅವಳ ಹಟ. ನಾನು ಒಪ್ಪಲಿಲ್ಲ. ಹೋದ ವರ್ಷ ಅವಳು ತೀರಿಕೊಂಡಳು. ಮನೇಲಿ ಈಗ ಜಗಳ ಇಲ್ಲ. ಏನೂ ಇಲ್ಲ.

ಈ ಸಲ ರೇಸಿಗೆ ಅದರಲ್ಲೇ ಹೋಗಿದ್ದೆ. ರೇಸು ನಡೆಸೋ ಯಜಮಾನರು ಕೇಳಿದರು. "ಊರಿನ ನೆಗ್ಗೆಲ್ಲ ಓದ್ತೀರಿ. ಇದನ್ನ ಓದಿಲ್ವೇನ್ರಿ?"

ಓದಿರಲಿಲ್ಲ. ಕುಕ್ಕರಗಾಲಲ್ಲಿ ಕೂತೆ. ಕೈ ಆಡಿಸಿದೆ. ಒಂದಲ್ಲ, ಎರಡು. ಮೊದಲನೇದು ಸಣ್ಣದು, ಸುಮ್ಮನೆ ತಾಗಿದ್ದು. ಅದರ ಮೇಲೇ ದೊಡ್ಡದು. ತಾಗಿದ ಮೇಲೂ ನಾನು ಇನ್ನೊಂದು ಸಲ ಆಕ್ಸಿಲರೇಟರ್ ಒತ್ತಿದೀನಿ. ಎರಡರ ನಡುವೆ ಅವಳು ಸಾಕು ಅನ್ನದೆ ಸುಮ್ಮನೆ ನಿಂತಿರೋಳಲ್ಲ.

"ತಪ್ಪು ನಂದು" ಅಂದೆ. ಕೀ ತೆಗೆದು ಅವರ ಕೈಗೆ ಕೊಟ್ಟೆ. "ಒಂದು ವರ್ಷ ನಾನು ಮುಟ್ಟಲ್ಲ."

ಅವರು ನಕ್ಕರು. ಗಾಡಿ ನೆರಳಿಗೆ ಹಾಕ್ತೀನಿ ಅಂತ ಹತ್ತಿದರು. ನಾನು ಹಿಂದೆ ನಿಂತೆ.

"ಬರ್ರಿ... ಬರ್ರಿ... ಸಾಕು. ಸಾಕು!"

ಢಬ್. ಬೇವಿನ ಮರ.

ಅವರು ತಲೆ ಹೊರಗೆ ಹಾಕಿದರು. "ಸಾಕು ಅನ್ನೋಕೆ ಏನಾಗಿತ್ತು ನಿಮಗೆ?"

"ಸಾಕು ಅಂದೆ" ಅಂದೆ. "ಕಿವಿ ಎಲ್ಲಿಟ್ಟಿದ್ರಿ?"