ಪಾದ್ರಿಗಳ ಜೌಗು, ನನ್ನ ನಕ್ಷೆ

ನಕ್ಷೆ ಬರೆಯುವವರಿಗೆ ನೆಲದ ಮೇಲೆ ಒಂದು ಬಗೆಯ ತಾತ್ಸಾರ ಬಂದುಬಿಡುತ್ತದೆ. ರಬ್ಬರಿನಿಂದ ಒಂದು ಸಲ ಉಜ್ಜಿದರೆ ಗುಡ್ಡ ಮಾಯ. ಪೆನ್ಸಿಲಿನಿಂದ ನಾಲ್ಕು ಗೆರೆ ಎಳೆದರೆ ಹಳ್ಳ ಭರ್ತಿ. ಮೂವತ್ತು ವರ್ಷ ಸರ್ಕಾರಿ ಓವರ್ಸಿಯರಾಗಿ ದುಡಿದ ನನಗೂ ಈ ಕಾಯಿಲೆ ಅಂಟಿತ್ತು. ರಿಟೈರಾಗಿ ಹುಣಸೂರಿನಲ್ಲಿ ಮನೆ ಮಾಡಿದ ಮೇಲೂ ಬಿಡಲಿಲ್ಲ. ಬೆಳಗಿನ ಕಾಫಿ ಕುಡಿಯುತ್ತ, ನಮ್ಮ ಹಿತ್ತಲಿನ ಬಾವಿ ಎರಡು ಗಜ ಆಚೆಗಿದ್ದರೆ ಎಷ್ಟು ಲಕ್ಷಣವಾಗಿರುತ್ತಿತ್ತೆಂದು ಲೆಕ್ಕ ಹಾಕುತ್ತಿದ್ದೆ. "ಮೊದ್ಲು ಆ ಬಾವೀಲಿ ಎರಡು ಕೊಡ ನೀರು ಸೇದ್ಕೊಡಿ, ಆಮೇಲೆ ಸರಿಸೋರಂತೆ" ಎನ್ನುತ್ತಿದ್ದಳು ನನ್ನ ಹೆಂಡತಿ ಗೌರಮ್ಮ.

ದೇಶ ಗಣರಾಜ್ಯವಾಗಿ ಮೂರ್ನಾಲ್ಕು ವರ್ಷವಾಗಿರಬೇಕು, ಮಂಗಳೂರು ಕಡೆಯ ಪಾದ್ರಿಗಳೊಬ್ಬರು ಸೈಕಲ್ ಮೇಲೆ ನಮ್ಮ ಮನೆಗೆ ಬಂದರು. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಹತ್ತಿರ ಅವರಿಗೆ ಯಾರೋ ಹನ್ನೆರಡು ಎಕರೆ ಜಮೀನು ದಾನ ಕೊಟ್ಟಿದ್ದರಂತೆ. ಅಲ್ಲಿ ಚರ್ಚು, ಶಾಲೆ, ಆಸ್ಪತ್ರೆ, ಮಕ್ಕಳಿಗೆ ಆಟದ ಬಯಲು ಎಲ್ಲ ಆಗಬೇಕು, ನಕ್ಷೆ ಬರೆದುಕೊಡಿ ಎಂದರು. ಹಾರನಹಳ್ಳಿ ಎಂದೊಡನೆ ನನಗೆ ಇನ್ನಷ್ಟು ಹುರುಪು ಬಂತು. ಅದು ಗೌರಮ್ಮನ ತವರು. ಮಾವನವರು ಮಗಳ ಅರಿಶಿನ-ಕುಂಕುಮಕ್ಕೆಂದು ಅಲ್ಲೆಲ್ಲೋ ಒಂದೆಕರೆ ಗದ್ದೆ ಬಿಟ್ಟುಕೊಟ್ಟಿದ್ದರು. ಭಾವಮೈದ ಬೇಸಾಯ ಮಾಡಿಸಿ ವರ್ಷವರ್ಷವೂ ಗಾಡಿಯಲ್ಲಿ ಅಕ್ಕಿ ಕಳಿಸುತ್ತಿದ್ದ. ಆದರೆ ಆ ಗದ್ದೆಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಹೆಂಡತಿ ಕಡೆಯ ಜಮೀನಿನ ಬದುವಿನ ಮೇಲೆ ಅಳಿಯ, ಅದೂ ಓವರ್ಸಿಯರ್ ಅಳಿಯ, ಓಡಾಡಿದರೆ ಅಳತೆ ಸರಿಯಾಗಿದೆಯೋ ಎಂದು ನೋಡಲು ಬಂದ ಎನ್ನುವುದಿಲ್ಲವೆ ಜನ? ಈ ಮರ್ಯಾದೆಗೆ ಹೆದರಿ ಅಷ್ಟು ವರ್ಷವೂ ಬರೀ ಅನ್ನ ಉಂಡುಕೊಂಡಿದ್ದೆ.

ಪಾದ್ರಿಗಳ ಜಮೀನಿನಲ್ಲಿ ಅರ್ಧ ಎತ್ತರದ ಕಲ್ಲುಭೂಮಿ, ರಾಗಿ ಬೆಳೆಯುವಂಥದ್ದು. ಇನ್ನರ್ಧ ತಗ್ಗು, ಬಿರುಬೇಸಿಗೆಯಲ್ಲೂ ಮೊಣಕಾಲುದ್ದ ಕೆಸರು, ಜೊಂಡು, ಬೆಳ್ಳಕ್ಕಿಗಳ ಹಿಂಡು. ನಾನು ಅಳತೆಯ ಸರಪಳಿ ಎಳೆಸಿ, ಗೂಟ ಹೊಡೆಸಿ, ಒಂದು ವಾರದಲ್ಲಿ ನಕ್ಷೆ ಮುಗಿಸಿದೆ. ತಗ್ಗಿನ ಮೇಲೆ ಆಟದ ಬಯಲು ಬರೆದು, "ಜೌಗು: ಮಣ್ಣು ತುಂಬಿ ಸಮ ಮಾಡುವುದು" ಎಂದು ಚೆಂದದ ಅಕ್ಷರದಲ್ಲಿ ಟಿಪ್ಪಣಿ ಹಾಕಿದೆ. ಪಾದ್ರಿಗಳು ನೋಡಿ ಬಹಳ ಸಂತೋಷಪಟ್ಟರು.

ನಕ್ಷೆಯನ್ನು ಜಾಗಕ್ಕೆ ತಾಳೆ ನೋಡಲು ಹೋದ ದಿನ, ಜೌಗಿನ ಕೆಳಗೆ ಗದ್ದೆ ಮಾಡಿಕೊಂಡಿದ್ದ, ನನ್ನ ಗುರುತಿಲ್ಲದ ಪಕ್ಕದೂರಿನ ಮಾದಯ್ಯ ಎಂಬ ರೈತ ಬಂದು ಕೈಮುಗಿದ.

"ಬುದ್ದಿ, ಈ ಜೌಗು ತುಂಬ್ಸುಬುಟ್ರೆ ನಮ್ ಗದ್ದೆಗೆ ನೀರು ಎಲ್ಲಿಂದ ಬರಬೇಕು? ನಮ್ಗಿರೋದು ಅದೊಂದೇ ತುಂಡು."

"ದೊಡ್ಡ ಕೆಲಸ ಅಂದ್ಮೇಲೆ ಒಬ್ಬಿಬ್ಬರಿಗೆ ತೊಂದರೆ ಆಗೇ ಆಗುತ್ತೆ ಕಣಯ್ಯ. ಭತ್ತ ಬಿಟ್ಟು ರಾಗಿ ಹಾಕ್ಕೋ" ಎಂದೆ, ಕೊಡೆಯ ನೆರಳಿನಲ್ಲಿ ನಿಂತು.

"ಒಸಿ ಬಂದು ಕಣ್ಣಲ್ಲಿ ನೋಡಿ ಬುದ್ದಿ. ಆಮ್ಯಾಕೆ ನಿಮ್ಮಿಷ್ಟ" ಎಂದ. ದಾಕ್ಷಿಣ್ಯಕ್ಕೆ ಹೋದೆ. ಜೌಗಿನ ಬುಡದಿಂದ ತಿಳಿನೀರು ಸಣ್ಣ ಕಾಲುವೆಯಾಗಿ ಹರಿದು ಅವನ ಗದ್ದೆಗಿಳಿಯುತ್ತಿತ್ತು. ಅಲ್ಲಿಂದ ಮುಂದಿನ ಗದ್ದೆಗೂ ಹೋಗುತ್ತಿತ್ತು. ಅದು ಯಾರದೆಂದು ಕೇಳಿದೆ.

"ಅದಾ? ಚೆನ್ನಬಸಪ್ಪನೋರು ಮಗಳ ಅರಿಸಿನ-ಕುಂಕ್ಮಕ್ಕೆ ಬುಟ್ಟಿದ್ದು ಕಣ್ ಬುದ್ದಿ. ಅಳಿಯ ಉಣಸೂರಲ್ಲಿ ಅದ್ಯಾರೋ ಓವರ್ಸೀರಂತೆ. ಒಂದಿನಾನೂ ಇತ್ತಗೆ ತಲೆ ಆಕಿಲ್ಲ, ಅಂಥಾ ದೊಡ್ ಮನ್ಸ!"

ಚೆನ್ನಬಸಪ್ಪ ನನ್ನ ಮಾವ. ಕೊಡೆ ಕೈಜಾರಿ ಕಾಲುವೆಗೆ ಬಿತ್ತು, ಮಾದಯ್ಯನೇ ಎತ್ತಿಕೊಟ್ಟ. ಮೂವತ್ತು ವರ್ಷ ಉಂಡ ಅನ್ನದ ನೀರನ್ನು ಮುಚ್ಚಿಹಾಕಲು ನನ್ನ ಕೈಯಾರೆ ಟಿಪ್ಪಣಿ ಬರೆದಿದ್ದೆ, ಅದೂ ಚೆಂದದ ಅಕ್ಷರದಲ್ಲಿ! ಗೌರಮ್ಮನ ಮುಖ ಕಣ್ಣೆದುರಿಗೆ ಬಂತು. ಅದಕ್ಕಿಂತ ದೊಡ್ಡ ಗಾಬರಿ ಇನ್ನೊಂದು. ಎರಡು ನಿಮಿಷದ ಹಿಂದೆ ಮಾದಯ್ಯನಿಗೆ ಹೇಳಿದ ನ್ಯಾಯ ನನ್ನ ಗದ್ದೆಯ ಬದುವಿನ ಮೇಲೆ ನಿಂತಾಗ ಮಹಾ ಅನ್ಯಾಯವಾಗಿ ಕಂಡಿತು. ನಾನು ಇಂಥ ಮನುಷ್ಯನೆಂದು ಆ ವಯಸ್ಸಿನವರೆಗೆ ನನಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಆದರೆ ನಾನೇ ಆ ಅಳಿಯನೆಂದು ಅವನಿಗೆ ಹೇಳುವಷ್ಟೇನೂ ಆಗಲಿಲ್ಲ.

ನೆಟ್ಟಗೆ ಪಾದ್ರಿಗಳ ಹತ್ತಿರ ಹೋದೆ. "ಫಾದರ್, ಒಬ್ಬ ಬಡರೈತನ ಹೊಟ್ಟೆಯ ಮೇಲೆ ಹೊಡೆದು ದೇವರ ಮನೆ ಕಟ್ಟುವುದೆ?" ಎಂದೆ. ದನಿ ನಡುಗಿತು, ನಡುಕದಲ್ಲಿ ಮಾತ್ರ ಸುಳ್ಳಿರಲಿಲ್ಲ. ಪಾದ್ರಿಗಳು ನಕ್ಷೆಯನ್ನು ಮಡಿಚಿ ನನ್ನ ಕೈಗಿಟ್ಟು, "ನೀವು ಹೇಳಿದಂತೆಯೇ ಆಗಲಿ. ನೀರನ್ನು ಮುಟ್ಟುವುದು ಬೇಡ" ಎಂದರು. ಚರ್ಚು, ಶಾಲೆಗಳ ಪಕ್ಕಕ್ಕೆ ಆಟದ ಬಯಲನ್ನೂ ಕಲ್ಲುಭೂಮಿಗೆ ಹತ್ತಿಸಿ ಹೊಸ ನಕ್ಷೆ ಬರೆದೆ. ಮನೆಯಲ್ಲಿ ಈ ವಿಷಯ ಬಾಯಿಬಿಡಲಿಲ್ಲ.

ಅಸ್ತಿಭಾರದ ದಿನ ಊರಿಗೆ ಊರೇ ಸೇರಿತ್ತು. ಪೂಜೆ-ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ನನ್ನನ್ನು ಮುಂದಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟರು. "ಈ ಮಹನೀಯರಿಗೆ ಆ ಗದ್ದೆಗಳಿಂದ ಒಂದು ಕಾಳಿನ ಲಾಭವಿಲ್ಲ. ಆದರೂ ಬಡವನ ಪರವಾಗಿ ನಿಂತರು. ಪರರ ಕಷ್ಟವನ್ನು ತಮ್ಮದೆಂದು ಕಾಣುವವರು ಇವರು" ಎಂದರು. ಮಾದಯ್ಯ ಕಣ್ಣಲ್ಲಿ ನೀರು ತುಂಬಿಕೊಂಡು ಕೈಮುಗಿದ. ತವರಿನವರ ಜೊತೆ ಕೂತಿದ್ದ ಗೌರಮ್ಮ ಕೆಳಗಿನ ತನ್ನ ಗದ್ದೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, ನಗು ಕಾಣದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ತಲೆ ತಗ್ಗಿಸಿದೆ.

"ಎಷ್ಟು ವಿನಯ ನೋಡ್ಲಾ!" ಎಂದು ಹಿಂದಿನಿಂದ ಯಾರೋ ಅಂದರು.