ಅತ್ತೆ ಬಿಚ್ಚದ ಮಡಿಕೆ

ನಮ್ಮ ಮನೆಯಲ್ಲೇ ಇದ್ದ ಸೋದರತ್ತೆ ಊರಿನ ಯಾವ ಹುಡುಗಿಯ ಮುಖವನ್ನೂ ನೋಡಿದವಳಲ್ಲ ಎಂದರೆ ನಂಬುತ್ತೀರಾ? ಅವಳ ಕಣ್ಣು ನೇರವಾಗಿ ಲಂಗದ ಅಂಚಿಗೇ ಹೋಗುತ್ತಿತ್ತು! ಐವತ್ತರ ದಶಕದ ಹೊಳೆನರಸೀಪುರದಲ್ಲಿ ಯಾರ ಲಂಗ ಎಲ್ಲಿಯವರೆಗೆ ಇಳಿಯಬೇಕೆಂದು ತೀರ್ಮಾನಿಸುವ ಅಧಿಕಾರವನ್ನು ಅವಳಿಗೆ ಯಾರು ಕೊಟ್ಟರೋ ದೇವರೇ ಬಲ್ಲ. ಸಣಕಲಾಗಿ ಉದ್ದಕ್ಕಿದ್ದವಳಿಗೆ ಅಗಲ ಅಂಚು, ಒತ್ತೊತ್ತಾದ ನಿರಿಗೆ. ದಪ್ಪಗಿದ್ದವಳಿಗೆ ನಿರಿಗೆ ಕಡಿಮೆ, ಉದ್ದ ಹಿಮ್ಮಡಿಯ ತನಕ. ಗಿಡ್ಡಿಗೆ ಕಾಲಿನ ಹರಡು ಇಣುಕುವಷ್ಟೇ. "ಇನ್ನೂ ಇಳಿಸುದ್ರೆ ಕಾಲೇ ಇಲ್ದಂಗೆ ಕಾಣ್ತದೆ ಕಣವ್ವಾ!"

ಅರಕಲಗೂಡಿನ ಮದುವೆಯೊಂದರಲ್ಲಿ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ, ಇವಳು ಮದುಮಗಳ ತಂಗಿಯ ಕಾಲ ಬಳಿ ಕೂತು ಅಂಚಿನ ಹೊಲಿಗೆ ಬಿಚ್ಚುತ್ತಿದ್ದಳು. "ಧಾರೆ ಆಯ್ತಾ ಅದೆ, ಏಳವ್ವಾ!" ಎಂದು ಹುಡುಗಿಯ ತಾಯಿ ಸಿಡುಕಿದರು.

"ಅದ್ರ ಪಾಡ್ಗೆ ಅದಾಯ್ತದೆ ಬುಡಿ. ಈ ಕೂಸ್ನ ನೋಡೋರ್ಯಾರು?"

ಮದುಮಕ್ಕಳಿಗಿಂತ ಹೆಚ್ಚು ಅಕ್ಷತೆ ಅವಳ ತಲೆಯ ಮೇಲೆ ಬಿತ್ತು!

ಚನ್ನರಾಯಪಟ್ಟಣದಲ್ಲಂತೂ ಬಸ್ಸಿನ ಕಿಟಕಿಯಿಂದ ಗುರುತಿಲ್ಲದ ಹುಡುಗಿಯನ್ನು ಕಂಡು, "ಲಂಗ ಎಲ್ಡು ಬೆರ್ಳು ಇಳಿಸವ್ವಾ!" ಎಂದು ಕೂಗಿದಳು. ಆ ಹುಡುಗಿಗೆ ಕೇಳಿಸಲಿಲ್ಲವೆಂದು ಬಸ್ಸಿನಿಂದ ಇಳಿದೇ ಹೋದಳು. ಬಸ್ಸು ಕಾಯುತ್ತದೆಯೇ? ಗಂಟಿನ ಜೊತೆ ನಾನೊಬ್ಬಳೇ ಅಳುತ್ತಾ ಹಾಸನ ಸೇರಿದೆ. ಅತ್ತೆ ಸಂಜೆ ಬಂದಳು, ಆ ಹುಡುಗಿಯ ಮನೆಯವರು ಕೊಟ್ಟ ತೆಂಗಿನಕಾಯಿ ಹೊತ್ತು!

ನಾನೋ, ಶಾಲೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವ ಗಿಡ್ಡಿ. ಎತ್ತರವಾಗಬೇಕೆಂಬುದೊಂದೇ ನನ್ನ ಆಸೆ. ಬೆಳೆಯುವ ಮಕ್ಕಳ ಲಂಗಕ್ಕೆ ಒಳಗೆ ಮಡಿಕೆ ಹಾಕಿ ಹೊಲಿದು, ಬೆಳೆದಂತೆಲ್ಲ ಒಂದೊಂದಾಗಿ ಬಿಚ್ಚುವುದು ನಮ್ಮಲ್ಲಿ ರೂಢಿ. ಎಲ್ಲರಿಗೂ ಎರಡು ಮಡಿಕೆಯಾದರೆ, ನನ್ನ ಹಸಿರು ಲಂಗಕ್ಕೆ ಅತ್ತೆ ಮೂರು ಹಾಕಿದಳು.

"ಇವ್ಳು ಅಷ್ಟುದ್ದ ಬೆಳೀತಾಳಾ?" ಅವ್ವ ನಕ್ಕಳು.

"ಬೆಳೀತಾಳೆ. ಮೂರ್ನೇದ್ನ ನಾನೇ ಬಿಚ್ಚೋಳು. ಯಾರೂ ಮುಟ್ಬ್ಯಾಡಿ."

ಎರಡನ್ನು ಬಿಚ್ಚಿದಳು. ಆಮೇಲೆ ಅವಳಿಗೆ ಜ್ವರವೊಂದು ಬಂತು, ಅತ್ತೆ ಹೋಗಿಬಿಟ್ಟಳು.

ನಾನು ಬೆಳೆದೆ ಕಣ್ರೀ! ಅವಳು ಹೇಳಿದ ಹಾಗೆಯೇ. ಅವ್ವ ಮಡಿಕೆ ಬಿಚ್ಚಲು ಕತ್ತರಿ ತಂದಾಗ ನಾನು ಲಂಗವನ್ನು ಬಚ್ಚಿಟ್ಟೆ. ಮೀನಖಂಡ ಕಾಣುವ ಆ ಮೋಟು ಲಂಗವನ್ನೇ ತೊಟ್ಟು ಬೀದಿಯಲ್ಲಿ ನಡೆದೆ. ಹುಡುಗಿಯರು ನಕ್ಕರು, ನಗಲಿ. ನನಗೆ ಬೇಕಿದ್ದದ್ದು ಹಿಂದಿನಿಂದ "ಇಳಿಸವ್ವಾ!" ಎನ್ನುವ ಒಂದು ಕೂಗು. ಹೆಜ್ಜೆ ಹೆಜ್ಜೆಗೂ ಹಿಂತಿರುಗಿ ನೋಡಿದೆ.

ಮೂರನೆಯ ಮಡಿಕೆ ಇವತ್ತಿಗೂ ಹಾಗೇ ಇದೆ, ಅತ್ತೆ. ಯಾರೂ ಮುಟ್ಟಿಲ್ಲ.